ಕಾರಿನ ಸಾಲದ ಕಂತು ಬಾಕಿ: ಉಳಿಸಿಕೊಳ್ಳುವುದೋ, ಮಾರುವುದೋ, ಒಪ್ಪಿಸಿಬಿಡುವುದೋ?

ಎರಡನೇ ಕಂತೂ ಬೌನ್ಸ್ ಆಯಿತು ಎಂಬ ಮೆಸೇಜ್ ಬಂದಾಗ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಬ್ಬರು ‘ಏನಾದರೂ ಮಾಡಿ ಗಾಡಿ ಉಳಿಸಿಕೊಳ್ಳೋಣ’ ಅನ್ನುತ್ತಾರೆ. ಇನ್ನೊಬ್ಬರು ‘ಬೇಕಾದರೆ ಅವರೇ ಬಂದು ತಗೊಂಡು ಹೋಗಲಿ, ಸಾಲದ ಕಾಟ ತಪ್ಪುತ್ತೆ’ ಅನ್ನುತ್ತಾರೆ. ಮೊದಲನೆಯ ಮಾತು ಎಷ್ಟೋ ಸಲ ಮೀಟರ್ ಬಡ್ಡಿಯವರ ಬಾಗಿಲಿಗೆ ಕರೆದೊಯ್ಯುತ್ತದೆ. ಎರಡನೆಯದಂತೂ ತಪ್ಪು ತಿಳಿವಳಿಕೆ: ಗಾಡಿ ಹೋದ ಮಾತ್ರಕ್ಕೆ ಸಾಲ ಹೋಗುವುದಿಲ್ಲ. ಇವೆರಡರ ನಡುವೆ ಐದಾರು ದಾರಿಗಳಿವೆ. ಯಾವುದು ಯಾರಿಗೆ ಹೊಂದುತ್ತದೆ ಎಂದು ಲೆಕ್ಕ ಹಾಕಿಯೇ ನೋಡಬೇಕು.

ದಾರಿ ಆರಿಸುವ ಮೊದಲು ಒಂದು ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಬೇಕು. ಕಂತು ತಪ್ಪಿದ್ದು ಕೈಗೆ ದುಡ್ಡು ಬರುವುದು ತಡವಾಗಿಯೋ, ಅಥವಾ ಈ ಕಂತೇ ನಮ್ಮ ದುಡಿಮೆಗೆ ಮೀರಿದ್ದೋ? ಆಸ್ಪತ್ರೆ ಖರ್ಚು, ಎರಡು ತಿಂಗಳು ನಿಂತ ಸಂಬಳ, ತಡವಾದ ಬಿಲ್ಲು: ಇವೆಲ್ಲ ತಾತ್ಕಾಲಿಕ. ಕೆಲಸವೇ ಹೋಗಿದ್ದರೆ, ಇಬ್ಬರ ದುಡಿಮೆಯಿದ್ದ ಮನೆ ಒಬ್ಬರ ದುಡಿಮೆಗೆ ಇಳಿದಿದ್ದರೆ, ಅದು ಬೇರೆಯೇ ಮಾತು. ಮೊದಲನೆಯವರು ಗಾಡಿ ಉಳಿಸಿಕೊಳ್ಳುವ ದಾರಿ ಹುಡುಕಬೇಕು, ಎರಡನೆಯವರು ಆದಷ್ಟು ಬೇಗ ತಾವೇ ಮಾರಬೇಕು. ಉಳಿದ ದಾರಿಗಳನ್ನೆಲ್ಲ ಈ ಎರಡೂ ಕೈಗೂಡದಿದ್ದಾಗ ಮಾತ್ರ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತೊಂಬತ್ತು ದಿನದ ಗಡುವು

ಮೊದಲ ಕಂತು ತಪ್ಪಿದ ದಿನದಿಂದಲೇ ದಿನಗಳ ಎಣಿಕೆ ಶುರು. 30 ದಿನದವರೆಗೆ ಎಸ್‌ಎಂಎ-0 (ಕೆಡುವ ಲಕ್ಷಣವಿರುವ ಸಾಲಕ್ಕೆ ಬ್ಯಾಂಕಿನವರು ಕೊಡುವ ದರ್ಜೆ), 60 ದಿನದವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. ಅದನ್ನೂ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಜನವರಿ 5ರ ಕಂತು ಕಟ್ಟದೆ ಬಿಟ್ಟರೆ ಏಪ್ರಿಲ್ 5ರ ಹೊತ್ತಿಗೆ ಎನ್‌ಪಿಎ ಹಣೆಪಟ್ಟಿ ಬೀಳುತ್ತದೆ. ಅಲ್ಲಿಯವರೆಗೆ ಒಂದು ಕಂತು ಕಟ್ಟಿದರೂ ಎಣಿಕೆ ಹಿಂದಕ್ಕೆ ಹೋಗುತ್ತದೆ, ಏಕೆಂದರೆ ಕಟ್ಟಿದ ಹಣ ಎಲ್ಲಕ್ಕಿಂತ ಹಳೆಯ ಬಾಕಿಗೆ ಜಮೆಯಾಗಬೇಕು. ಎನ್‌ಪಿಎ ಆದ ಮೇಲೆ ಈ ಸವಲತ್ತಿಲ್ಲ. 2021ರ ನವೆಂಬರ್‌ನಲ್ಲಿ ಆರ್‌ಬಿಐ ಕೊಟ್ಟ ಸ್ಪಷ್ಟನೆಯಂತೆ, ಅಸಲು-ಬಡ್ಡಿಯ ಇಡೀ ಬಾಕಿ ತೀರಿಸಿದ ಮೇಲೆಯೇ ಖಾತೆ ಮತ್ತೆ ಸರಿಯಾದ ಸಾಲ ಎನಿಸಿಕೊಳ್ಳುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಒಂದೇ ಒಂದು ಕಂತು ತಪ್ಪಿ, ಆಮೇಲೆ ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಿದ್ದರೂ ಆ ಹಳೆಯ ಕಂತು ಬಾಕಿಯಾಗಿಯೇ ಉಳಿದಿರುತ್ತದೆ. ಈ ತಿಂಗಳು ಕಟ್ಟಿದ್ದು ಹೋದ ತಿಂಗಳಿಗೆ ಜಮೆ, ಈ ತಿಂಗಳದ್ದು ಮತ್ತೆ ಬಾಕಿ. ವರ್ಷವಿಡೀ ಸಿಬಿಲ್ ವರದಿಯಲ್ಲಿ (ಸಾಲ ಹೇಗೆ ಕಟ್ಟಿದ್ದೀರಿ ಎಂದು ತೋರಿಸುವ ಕ್ರೆಡಿಟ್ ವರದಿ) ಸುಸ್ತಿದಾರರಾಗಿಯೇ ಕಾಣಿಸುತ್ತೀರಿ. ಆ ಒಂದು ಕಂತನ್ನು ಹೇಗಾದರೂ ಮಾಡಿ ಒಮ್ಮೆ ತೀರಿಸುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ.

ಹಾಗಾಗಿ ಮೊದಲ ಕೆಲಸ, ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತರಿಸಿಕೊಳ್ಳುವುದು. ಫೋನಿನಲ್ಲಿ ಹೇಳಿದ ಒಟ್ಟು ಮೊತ್ತವನ್ನು ನಂಬಿ ಕೂರಬೇಡಿ. ಬಾಕಿ ಕಂತು ಎಷ್ಟು, ಬೌನ್ಸ್ ಶುಲ್ಕ ಎಷ್ಟು, ದಂಡ ಶುಲ್ಕ ಎಷ್ಟು ಎಂದು ಬೇರೆಬೇರೆಯಾಗಿ ನೋಡಿ. ಒಂದು ಬೌನ್ಸ್‌ಗೆ ಎರಡು ಕಡೆ ಏಟು ಬೀಳುತ್ತದೆ: ಫೈನಾನ್ಸ್‌ನವರದ್ದೊಂದು ಶುಲ್ಕ, ನಿಮ್ಮ ಉಳಿತಾಯ ಖಾತೆಯ ಬ್ಯಾಂಕಿನದ್ದು ಇನ್ನೊಂದು. ಖಾತೆಯಲ್ಲಿ ದುಡ್ಡಿಲ್ಲ ಎಂದು ಗೊತ್ತಿದ್ದರೆ ಮೊದಲೇ ತಿಳಿಸಿ, ಸಂಬಳದ ದಿನಕ್ಕೆ ಹೊಂದುವಂತೆ ಕಂತಿನ ತಾರೀಕು ಬದಲಿಸಿಕೊಳ್ಳಲು ಕೇಳಿ. ದಂಡದ ವಿಚಾರದಲ್ಲಿ 2023ರ ಆಗಸ್ಟ್‌ನ ಆರ್‌ಬಿಐ ಸೂಚನೆ ಈಗ ಜಾರಿಯಲ್ಲಿದೆ. ಅದರ ಪ್ರಕಾರ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವಂತಿಲ್ಲ, ಶುಲ್ಕವಾಗಿ ಮಾತ್ರ ಹಾಕಬಹುದು. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಎಳೆಯುವಂತಿಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿಗಳ ದಂಡ ಶುಲ್ಕದ ಮೇಲೆ ಜಿಎಸ್‌ಟಿ ಇಲ್ಲವೆಂಬುದೂ 2025ರ ಜನವರಿಯಲ್ಲಿ ಸ್ಪಷ್ಟವಾಗಿದೆ. ಸ್ಟೇಟ್‌ಮೆಂಟಿನಲ್ಲಿ ಇಂಥದ್ದು ಕಂಡರೆ ಬರವಣಿಗೆಯಲ್ಲಿ ಕೇಳಿ. ದಂಡ ಮತ್ತು ಬೌನ್ಸ್ ಶುಲ್ಕವನ್ನು ಮನ್ನಾ ಮಾಡಿಸಿಕೊಳ್ಳುವುದು ಬಡ್ಡಿ ಮನ್ನಾ ಮಾಡಿಸಿಕೊಳ್ಳುವುದಕ್ಕಿಂತ ಸುಲಭ.

ಒಂದು ಲೆಕ್ಕ

ಉದಾಹರಣೆಗೆ 6 ಲಕ್ಷ ರೂ. ಸಾಲ, ಶೇ. 10 ಬಡ್ಡಿ, 60 ಕಂತು ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 12,748 ರೂ. ಎರಡು ವರ್ಷ ಸರಿಯಾಗಿ ಕಟ್ಟಿ, ಆಮೇಲೆ ಮೂರು ಕಂತು ತಪ್ಪಿವೆ. ಬಾಕಿ 38,244 ರೂ. ಶುಲ್ಕಗಳನ್ನು ಸದ್ಯ ಪಕ್ಕಕ್ಕಿಡೋಣ. ಒಟ್ಟು ತೀರಿಸಬೇಕಾದ ಸಾಲ ಸುಮಾರು 4,05,000 ರೂ.

ಒಂದು ದಾರಿ, ಬಾಕಿಯನ್ನು ಒಮ್ಮೆಗೇ ಕಟ್ಟಿ ಉಳಿದ 33 ಕಂತು ಮುಂದುವರಿಸುವುದು. ಇನ್ನೊಂದು ದಾರಿ, ಸಾಲದ ಅವಧಿ ಹಿಗ್ಗಿಸಲು ಕೇಳುವುದು. ಅದೇ 4,05,000ವನ್ನು ಹೊಸದಾಗಿ 48 ಕಂತು ಮಾಡಿದರೆ ತಿಂಗಳಿಗೆ ಸುಮಾರು 10,270 ರೂ. ಬರುತ್ತದೆ. ಅಂದರೆ ಕಂತು ಇಳಿದದ್ದು 2,500 ರೂ.ಗೂ ಕಡಿಮೆ, ಆದರೆ ಒಟ್ಟಾರೆ ಕೈಯಿಂದ ಹೆಚ್ಚುವರಿಯಾಗಿ ಹೋಗುವುದು ಸುಮಾರು 34,000 ರೂ. 60 ಕಂತಿಗೆ ಹಿಗ್ಗಿಸಿದರೆ ಕಂತು 8,600ಕ್ಕೆ ಇಳಿಯುತ್ತದೆ, ಹೆಚ್ಚುವರಿ ಹೊರೆ 57,000 ದಾಟುತ್ತದೆ. ಅಷ್ಟೊತ್ತಿಗೆ ಕಾರಿಗೆ ಏಳು ವರ್ಷ ಮೀರಿರುತ್ತದೆ.

ಹೀಗೆ ಸಂಕಷ್ಟಕ್ಕಾಗಿ ಅವಧಿ ಹಿಗ್ಗಿಸುವುದನ್ನು ಮರುಹೊಂದಾಣಿಕೆ ಎಂದೇ ದಾಖಲಿಸುತ್ತಾರೆ. ಕ್ರೆಡಿಟ್ ವರದಿಯಲ್ಲಿ ಅದು ಕಾಣಿಸುತ್ತದೆ. ಕೇಳಿದವರಿಗೆಲ್ಲ ಕೊಡಲೇಬೇಕೆಂಬ ನಿಯಮವೂ ಇಲ್ಲ. ತಿಂಗಳಿಗೆ 2,500 ಉಳಿದರೆ ಸಂಸಾರ ಸರಿದೂಗುತ್ತದೆ ಎನ್ನುವವರಿಗೆ ಮಾತ್ರ ಇದು ಉಪಯೋಗ. ತಿಂಗಳಿಗೆ ಎಂಟು ಸಾವಿರ ಕಡಿಮೆ ಬೀಳುವ ಮನೆಗೆ ಇದರಿಂದ ಪ್ರಯೋಜನವಿಲ್ಲ. ಆರು ತಿಂಗಳಲ್ಲಿ ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ.

ತಾತ್ಕಾಲಿಕ ತೊಂದರೆಯವರಿಗೆ ನಾನು ಹೇಳುವುದು ಒಡವೆ ಸಾಲ. ಬ್ಯಾಂಕಿನಲ್ಲಿ 40,000 ರೂ. ತೆಗೆದು ಬಾಕಿ ಪೂರ್ತಿ ಕಟ್ಟಿದಿರಿ ಎನ್ನಿ. ವರ್ಷಕ್ಕೆ ಶೇ. 12 ಬಡ್ಡಿ ಹಿಡಿದರೂ ಆರು ತಿಂಗಳಿಗೆ 2,400 ರೂ. ಮೇಲಿನ 34,000ದ ಪಕ್ಕದಲ್ಲಿ ಇಟ್ಟು ನೋಡಿ. ಆದರೆ ನಿಂತ ಸಂಬಳ ಮತ್ತೆ ಬರತೊಡಗಿದೆ ಎಂಬ ಖಾತ್ರಿ ಇದ್ದರೆ ಮಾತ್ರ ಈ ಕೆಲಸ ಮಾಡಿ. ಆದಾಯವೇ ಇಲ್ಲದಾಗ ಒಡವೆ ಇಟ್ಟು ಕಂತು ಕಟ್ಟಿದರೆ ಕೊನೆಗೆ ಕಾರೂ ಇಲ್ಲ, ತಾಳಿ ಸರವೂ ಇಲ್ಲ. ಮನೆಯವರ ಕೈಸಾಲ ಸಿಕ್ಕರೆ ಇನ್ನೂ ಒಳ್ಳೆಯದು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದು, ಮೊಬೈಲ್ ಆ್ಯಪ್ ಸಾಲ, ಮೀಟರ್ ಬಡ್ಡಿ: ಈ ಮೂರರ ಹತ್ತಿರವೂ ಸುಳಿಯಬೇಡಿ. ವಿಪರೀತ ಬಡ್ಡಿ ವಸೂಲಿಯನ್ನು ಕರ್ನಾಟಕದಲ್ಲಿ 2004ರ ಕಾನೂನೇ ನಿಷೇಧಿಸಿದೆ, ಆದರೂ ಸಿಕ್ಕಿಕೊಂಡವರಿಗೆ ಅದರಿಂದ ಹೊರಬರುವುದು ಕಷ್ಟವೇ.

ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿ ಬಡ್ಡಿ ಇಳಿಸಿಕೊಳ್ಳುವ ಸಲಹೆಯೂ ಕೇಳಿಬರುತ್ತದೆ. ಬಾಕಿ ಇರುವ ಖಾತೆಯನ್ನು ಯಾರೂ ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಯೋಚನೆಯಲ್ಲಿ ದಿನ ಕಳೆಯುವುದು ಬೇಡ.

ತಾವೇ ಮಾರುವುದು

ಅದೇ ಕಾರು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 4,60,000ಕ್ಕೆ ಹೋಗುತ್ತದೆ ಎಂದುಕೊಳ್ಳೋಣ. ಸಾಲ 4,05,000. ಅವಧಿಗೆ ಮುಂಚೆ ಮುಗಿಸಿದ್ದಕ್ಕೆ ಶೇ. 4 ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿ 19,000 ಕಳೆದರೂ ಕೈಗೆ ಮೂವತ್ತಾರು ಸಾವಿರದಷ್ಟು ಉಳಿಯುತ್ತದೆ. ಅದೇ ಗಾಡಿ ಜಪ್ತಿಯಾಗಿ ಯಾರ್ಡಿನಲ್ಲಿ ನಿಂತು ಹರಾಜಿನಲ್ಲಿ 3,70,000ಕ್ಕೆ ಹೋದರೆ, ಎಳೆದೊಯ್ದ ಖರ್ಚು, ಯಾರ್ಡ್ ಬಾಡಿಗೆ ಎಂದು 20,000 ಕಳೆದರೆ, ನೀವೇ ಇನ್ನೂ 55,000 ಕೊಡಬೇಕು. ಒಂದೇ ಕಾರು, ಒಂದೇ ಸಾಲ, ಮಾರಿದ ರೀತಿಯಿಂದಲೇ ತೊಂಬತ್ತು ಸಾವಿರದಷ್ಟು ವ್ಯತ್ಯಾಸ. ಈ ಅಂಕಿಗಳು ಲೆಕ್ಕಕ್ಕೆ ಇಟ್ಟುಕೊಂಡವು. ನಿಮ್ಮ ಗಾಡಿಯ ಬೆಲೆ, ಒಪ್ಪಂದದಲ್ಲಿರುವ ಶುಲ್ಕ ಹಾಕಿ ನೀವೇ ಗುಣಿಸಿ ನೋಡಿ. ವ್ಯತ್ಯಾಸ ಯಾವ ಕಡೆಗೆ ವಾಲುತ್ತದೆ ಎಂಬುದು ಬದಲಾಗುವುದು ಅಪರೂಪ.

ಸಾಲವಿರುವ ಗಾಡಿ ಮಾರಲಾಗದು ಎಂಬ ಭಯ ಬೇಡ. ಫೈನಾನ್ಸ್‌ನವರಿಂದ ಫೋರ್‌ಕ್ಲೋಷರ್ ಲೆಟರ್ (ಸಾಲ ಪೂರ್ತಿ ಮುಗಿಸಲು ಎಷ್ಟು ಕಟ್ಟಬೇಕು ಎಂಬ ಪತ್ರ) ತೆಗೆದುಕೊಳ್ಳಿ. ಅದರಲ್ಲಿ ಯಾವ ದಿನದವರೆಗೆ ಎಷ್ಟು, ಆಮೇಲೆ ದಿನಕ್ಕೆಷ್ಟು ಬಡ್ಡಿ ಎಂದು ಇರುತ್ತದೆ. ಕೊಳ್ಳುವವರು ಅಷ್ಟು ಹಣವನ್ನು ನೇರವಾಗಿ ಸಾಲದ ಖಾತೆಗೆ ಹಾಕಲಿ, ಉಳಿದದ್ದು ನಿಮ್ಮ ಖಾತೆಗೆ ಬರಲಿ. ಇಬ್ಬರೂ ಕೂಡಿ ಶಾಖೆಗೆ ಹೋಗಿ ಒಂದೇ ದಿನ ಮಾಡಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಆಮೇಲೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಬರುತ್ತದೆ. ಆರ್‌ಟಿಒದಲ್ಲಿ ಹೈಪೋಥಿಕೇಷನ್ (ಆರ್‌ಸಿಯಲ್ಲಿರುವ ಅಡಮಾನದ ನಮೂದು) ತೆಗೆಸಲು ಅದು ಬೇಕು, ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಮಾರಾಟದ ಬೆಲೆ ಸಾಲಕ್ಕಿಂತ ಇಪ್ಪತ್ತು ಸಾವಿರ ಕಡಿಮೆ ಬಂದರೂ, ಆ ಇಪ್ಪತ್ತು ಸಾವಿರ ಹೊಂದಿಸಿಕೊಂಡು ಮಾರುವುದೇ ಲೇಸು.

ಹೊಸ ಕಾರಿಗೆ ಮೊದಲ ವರ್ಷಗಳಲ್ಲೇ ಬೆಲೆ ಬೇಗ ಇಳಿಯುತ್ತದೆ. ವಿಮೆಯ ಐಡಿವಿ (ವಿಮೆಗಾಗಿ ಗಾಡಿಗೆ ಕಟ್ಟುವ ಬೆಲೆ) ಪಟ್ಟಿಯಲ್ಲೇ ಎರಡರಿಂದ ಮೂರು ವರ್ಷದ ಗಾಡಿಗೆ ಶೇ. 30, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ. 50 ಕಳೆಯುತ್ತಾರೆ. ‘ದೀಪಾವಳಿವರೆಗೆ ನೋಡೋಣ’ ಎಂದು ಮುಂದೂಡಿದ ಪ್ರತಿ ತಿಂಗಳೂ ಒಂದು ಕಡೆ ಬೆಲೆ ಇಳಿಯುತ್ತದೆ, ಇನ್ನೊಂದು ಕಡೆ ಬಾಕಿ ಏರುತ್ತದೆ.

‘ಗಾಡಿ ನೀವಿಟ್ಕೊಳ್ಳಿ, ಕಂತು ಕಟ್ಕೊಂಡು ಹೋಗಿ’

ನಮ್ಮ ಕಡೆ ಬಹಳ ಚಾಲ್ತಿಯಲ್ಲಿರುವ, ಎಲ್ಲಕ್ಕಿಂತ ಅಪಾಯದ ದಾರಿ ಇದು. ಪರಿಚಯದವರಿಗೆ ಗಾಡಿ ಕೊಟ್ಟು, ಕೈಗೊಂದಿಷ್ಟು ದುಡ್ಡು ತೆಗೆದುಕೊಂಡು, 100 ರೂ. ಛಾಪಾ ಕಾಗದದಲ್ಲಿ ಬರೆಸಿಕೊಂಡು ನಿಶ್ಚಿಂತರಾಗುತ್ತಾರೆ. ಆರ್‌ಸಿ ನಿಮ್ಮ ಹೆಸರಲ್ಲೇ, ಸಾಲ ನಿಮ್ಮ ಹೆಸರಲ್ಲೇ, ಗಾಡಿ ಮಾತ್ರ ಬೇರೆಯವರ ಬಳಿ. ಅವರು ಕಂತು ತಪ್ಪಿಸಿದರೆ ಸಿಬಿಲ್ ಕೆಡುವುದು ನಿಮ್ಮದು. ಅವರು ಅಪಘಾತ ಮಾಡಿದರೆ? 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ದಾಖಲೆಯಲ್ಲಿ ಯಾರ ಹೆಸರಿದೆಯೋ ಮೋಟಾರು ವಾಹನ ಕಾಯ್ದೆಯ ಮಟ್ಟಿಗೆ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ. ಅಷ್ಟರಲ್ಲಿ ವಿಮೆ ಮುಗಿದಿದ್ದರೆ ಆ ಪರಿಹಾರ ನಿಮ್ಮ ಆಸ್ತಿಯ ಮೇಲೆ ಬೀಳುತ್ತದೆ. ಜೊತೆಗೆ, ಅಡವಿರುವ ಗಾಡಿಯನ್ನು ಫೈನಾನ್ಸ್‌ನವರ ಒಪ್ಪಿಗೆಯಿಲ್ಲದೆ ಕೈ ಬದಲಾಯಿಸಿದರೆ, ಬರೀ ಸಾಲದ ತಕರಾರಾಗಿದ್ದದ್ದು ನಂಬಿಕೆದ್ರೋಹದ ದೂರಾಗಿ ತಿರುಗಬಹುದು. ತಮ್ಮನೇ ಆಗಲಿ, ಭಾವಮೈದುನನೇ ಆಗಲಿ, ಹೆಸರು ಬದಲಾಗದೆ ಕೀಲಿ ಕೊಡಬೇಡಿ.

ಒಪ್ಪಿಸುವುದು, ಜಪ್ತಿ, ಸೆಟಲ್‌ಮೆಂಟ್

ಮಾರಲು ಗಿರಾಕಿ ಸಿಗಲಿಲ್ಲ, ಕಂತಿಗೆ ದಾರಿಯೂ ಇಲ್ಲ ಎಂದಾದರೆ ಗಾಡಿಯನ್ನು ತಾವಾಗಿ ಒಪ್ಪಿಸುವುದು ಜಪ್ತಿಗಿಂತ ಸ್ವಲ್ಪ ಮೇಲು. ನಡುರಸ್ತೆಯಲ್ಲಿ ಅಡ್ಡಹಾಕಿಸಿಕೊಳ್ಳುವ ಅವಮಾನ ತಪ್ಪುತ್ತದೆ, ಎಳೆದೊಯ್ಯುವ ಖರ್ಚೂ ಉಳಿಯುತ್ತದೆ. ಅಷ್ಟು ಬಿಟ್ಟರೆ ಹರಾಜು, ಕೊರತೆ ಮೊತ್ತ (ಹರಾಜಿನ ಹಣ ಕಳೆದೂ ಉಳಿಯುವ ಬಾಕಿ), ಕ್ರೆಡಿಟ್ ವರದಿಯ ಕಲೆ ಎಲ್ಲವೂ ಒಂದೇ. ಆದ್ದರಿಂದ ಒಪ್ಪಿಸುವಾಗಲೇ ಚೌಕಾಸಿ ಮಾಡಿ: ಗಾಡಿಯ ಬೆಲೆಗೆ ಸಾಲ ಪೂರ್ತಿ ತೀರಿತು ಎಂದು ಬರೆದುಕೊಡುತ್ತೀರಾ ಎಂದು ಕೇಳಿ. ಬರವಣಿಗೆ ಸಿಗದಿದ್ದರೆ ಕೊರತೆ ಬಾಕಿ ನಿಮ್ಮ ಮೇಲಿದೆ ಎಂದೇ ತಿಳಿಯಿರಿ. ಕೊಡುವ ದಿನ ಓಡೋಮೀಟರ್, ನಾಲ್ಕೂ ಬದಿ, ಟೈರ್, ಸ್ಟೆಪ್ನಿಯ ಫೋಟೊ ತೆಗೆದುಕೊಳ್ಳಿ. ಎರಡೂ ಕೀಲಿ ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಫಾಸ್ಟ್ಯಾಗ್ ಮುಚ್ಚಿಸುವುದನ್ನು ಮರೆಯಬೇಡಿ; ಇಲ್ಲದಿದ್ದರೆ ಯಾರೋ ಓಡಿಸಿದ್ದಕ್ಕೆ ಟೋಲ್ ನಿಮ್ಮ ದುಡ್ಡಿನಿಂದ ಹೋಗುತ್ತದೆ.

ಜಪ್ತಿಯ ವಿಚಾರದಲ್ಲಿ ಎರಡೂ ಕಡೆ ಉತ್ಪ್ರೇಕ್ಷೆಯಿದೆ. ‘ಕೋರ್ಟ್ ಆದೇಶವಿಲ್ಲದೆ ಗಾಡಿ ಮುಟ್ಟುವಂತಿಲ್ಲ’ ಎನ್ನುವುದು ಪೂರ್ತಿ ನಿಜವಲ್ಲ. ಒಪ್ಪಂದದಲ್ಲಿ ಹಕ್ಕಿದ್ದರೆ ವಶಕ್ಕೆ ಪಡೆಯುವುದೇ ಅಪರಾಧವಲ್ಲ, ಆದರೆ ಒಪ್ಪಂದದ ಪ್ರಕಾರ ನೋಟಿಸ್ ಕೊಡಬೇಕಿದ್ದರೆ ಕೊಡಲೇಬೇಕು ಎಂದು 2020ರಲ್ಲಿ ಮ್ಯಾಗ್ಮಾ ಫಿನ್‌ಕಾರ್ಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಸೀಜಿಂಗ್‌ನವರು ಏನು ಬೇಕಾದರೂ ಮಾಡಬಹುದು’ ಎನ್ನುವುದೂ ಸುಳ್ಳು. ರೌಡಿಗಳನ್ನು ಬಿಟ್ಟು ಬಲವಂತದಿಂದ ಗಾಡಿ ಕಸಿಯುವಂತಿಲ್ಲ ಎಂದು ಅದೇ ಕೋರ್ಟ್ 2007ರಲ್ಲೇ, ಪ್ರಕಾಶ್ ಕೌರ್ ಪ್ರಕರಣದಲ್ಲಿ, ಹೇಳಿದೆ. ನಿಮ್ಮ ಸಾಲದ ಒಪ್ಪಂದ ತೆಗೆದು ಓದಿ. ಫೈನಾನ್ಸ್ ಕಂಪನಿಯದಾದರೆ ನೋಟಿಸಿನ ಅವಧಿ, ಯಾವಾಗ ನೋಟಿಸ್ ಬೇಕಿಲ್ಲ, ಹರಾಜಿಗೆ ಮುಂಚೆ ಸಾಲ ತೀರಿಸಲು ಕೊನೆಯ ಅವಕಾಶ, ಹರಾಜಿನ ಕ್ರಮ ಇವೆಲ್ಲ ಅದರಲ್ಲಿ ಇರಲೇಬೇಕೆಂದು ಆರ್‌ಬಿಐ ನಿಯಮವಿದೆ. ಪ್ರತಿ ಸಿಗದಿದ್ದರೆ ಕೇಳಿ ಪಡೆಯಿರಿ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಗುರುತಿನ ಚೀಟಿ, ಅಧಿಕಾರ ಪತ್ರ, ನೋಟಿಸಿನ ಪ್ರತಿ ಅವರ ಬಳಿ ಇರಬೇಕು. ನೆಂಟರಿಗೆ, ಆಫೀಸಿಗೆ ಫೋನ್ ಮಾಡಿ ಮಾನ ಕಳೆಯುವುದು ಕಿರುಕುಳ. ದಾರಿಯಲ್ಲಿ ತಡೆದರೆ ಜಗಳಕ್ಕೆ ಇಳಿಯದೆ ಈ ಮೂರು ಕಾಗದ ಕೇಳಿ, ಮೊಬೈಲಿನಲ್ಲಿ ಚಿತ್ರೀಕರಿಸಿ. ಕೈ ಮಾಡಿದರೆ 112. ಯಾವ ಏಜೆಂಟರ ಕೈಗೂ ನಗದು ಕೊಡಬೇಡಿ. ಸಾಲದ ಖಾತೆಗೇ ಹಾಕಿ. ಹರಾಜಾದ ಮೇಲೆ ಎಷ್ಟಕ್ಕೆ ಹೋಯಿತು, ಏನೇನು ಕಳೆದರು ಎಂಬ ಲೆಕ್ಕ ಬರವಣಿಗೆಯಲ್ಲಿ ಕೇಳಿ, ಮಿಕ್ಕಿದರೆ ಅದು ನಿಮ್ಮ ಹಣ.

ಸೆಟಲ್‌ಮೆಂಟ್ ಎಂದರೆ ಒಟ್ಟು ಸಾಲದಲ್ಲಿ ಒಂದಿಷ್ಟು ಬಿಟ್ಟು ಒಂದೇ ಗಂಟು ಕಟ್ಟಿ ಮುಗಿಸುವುದು. ಸಾಮಾನ್ಯವಾಗಿ ಎನ್‌ಪಿಎ ಆದ ಮೇಲೆಯೇ ಇದರ ಮಾತು ಬರುತ್ತದೆ. ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಉಳಿಯುತ್ತದೆ. ಮುಂದೆ ಮನೆ ಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ. ಜಾಮೀನುದಾರರಿದ್ದರೆ ಅವರ ವರದಿಯೂ ಕೆಡುತ್ತದೆ. ಹರಾಜಿನ ನಂತರ ಉಳಿದ ಕೊರತೆ ಮೊತ್ತಕ್ಕೆ ಇದು ಒಳ್ಳೆಯ ದಾರಿ. ಸೆಟಲ್‌ಮೆಂಟ್ ಸಿಗಲಿ ಎಂದೇ ಕಂತು ನಿಲ್ಲಿಸಿ ಎನ್ನುವ ಏಜೆನ್ಸಿಗಳ ಮಾತಿಗೆ ಮರುಳಾಗಬೇಡಿ. ಕಂತು ಕಟ್ಟಲಾಗದಿರುವುದು ಸಿವಿಲ್ ವಿಚಾರ, ನಿಜ. ಆದರೆ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕ್ರಿಮಿನಲ್ ಕೇಸು ಹಾಕಬಹುದು. ಎನ್‌ಎಸಿಎಚ್ (ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ) ಬೌನ್ಸ್‌ಗೂ ಅಂಥದ್ದೇ ಕಾನೂನಿದೆ. ಆ ನೋಟಿಸ್ ಬಂದರೆ ತೀರಿಸಲು ಇರುವುದು 15 ದಿನ. ಕೋರ್ಟಿಗೆ ಹೋಗಿದ್ದರೂ ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100.

ಫೈನಾನ್ಸ್‌ನವರು ದೂರಿಗೆ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು. ಖರ್ಚಿಲ್ಲ, 14448ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. 2025ರಲ್ಲಿ ರಾಜ್ಯ ಸರ್ಕಾರ ತಂದ ಕಿರುಸಾಲ ಕಿರುಕುಳ ತಡೆ ಕಾನೂನನ್ನು ನಂಬಿ ಕೂರಬೇಡಿ. ಆರ್‌ಬಿಐನಲ್ಲಿ ನೋಂದಣಿಯಾದ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ, ಕಾರಿನ ಸಾಲ ಬಹುಪಾಲು ಅಂಥವರದ್ದೇ.

ಹಳದಿ ಬೋರ್ಡಿನವರಿಗೆ

ಕ್ಯಾಬ್ ಓಡಿಸುವವರ ಲೆಕ್ಕ ಬೇರೆ. ಅವರಿಗೆ ಕಾರು ಹೋದರೆ ದುಡಿಮೆಯೇ ಹೋದಂತೆ. ಡೀಸೆಲ್, ಕಮಿಷನ್, ವಿಮೆ, ರಿಪೇರಿ ಕಳೆದು ಗಾಡಿ ತಿಂಗಳಿಗೆ ಕಂತಿಗಿಂತ ಹೆಚ್ಚು ದುಡಿದುಕೊಡುತ್ತಿದ್ದರೆ ಅವಧಿ ಹಿಗ್ಗಿಸಿ ದುಬಾರಿ ಬಡ್ಡಿ ಕೊಟ್ಟಾದರೂ ಉಳಿಸಿಕೊಳ್ಳುವುದು ಸರಿ. ಕಂತಿನಷ್ಟೂ ದುಡಿಯುತ್ತಿಲ್ಲವೆಂದರೆ ಮಾರಿ, ಬೇರೆಯವರ ಗಾಡಿಗೆ ಚಾಲಕರಾಗುವುದು ಮೇಲು. ಸ್ವಂತ ಜೀವನೋಪಾಯಕ್ಕೆ ಓಡಿಸುವ ಗಾಡಿಯಾದ್ದರಿಂದ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ಅವರಿಗೂ ಇದೆ. ‘ನಿಮ್ಮದು ವಾಣಿಜ್ಯ ವಾಹನ’ ಎಂದು ಹೇಳಿ ಕಳಿಸಿದರೆ ಒಪ್ಪಿ ಬರಬೇಡಿ.

ಯಾವ ದಾರಿಯಲ್ಲಿ ಮುಗಿಸಿದರೂ ಸಾಲ ತೀರಿದ ಪತ್ರ, ಎನ್‌ಒಸಿ, ಕೊಟ್ಟಿದ್ದ ಖಾಲಿ ಚೆಕ್ಕುಗಳನ್ನು ವಾಪಸು ಪಡೆದು, ಎನ್‌ಎಸಿಎಚ್ ರದ್ದಾಗಿದೆಯೇ ಎಂದು ಬ್ಯಾಂಕಿನಲ್ಲಿ ನೋಡಿ. ಗಾಡಿ ಉಳಿಸಿಕೊಂಡವರು ಆರ್‌ಸಿ ಮತ್ತು ವಿಮೆ ಎರಡರಿಂದಲೂ ಫೈನಾನ್ಸ್‌ನವರ ಹೆಸರು ತೆಗೆಸಬೇಕು. ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿ ತೆಗೆದು ನೋಡಿ. ಬಾಕಿ ಇನ್ನೂ ಹಾಗೇ ಕಾಣಿಸುತ್ತಿದ್ದರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂ.ನಂತೆ ನಿಮಗೆ ಪರಿಹಾರ ಸಲ್ಲಬೇಕು ಎಂದು ಆರ್‌ಬಿಐ 2023ರಲ್ಲೇ ಗೊತ್ತುಪಡಿಸಿದೆ.